ನಕಾಲಾದಲ್ಲಿ ನಿಂತ ತೊಗರಿ: ಯಾರದು ನಡೀತದ?

2023ರ ಅಕ್ಟೋಬರ್. ಕಲಬುರಗಿಯ ಕಾಳಿನ ಮಾರುಕಟ್ಟೆ ನೆಹರು ಗಂಜಿನಲ್ಲಿ ನನಗೆ ಪರಿಚಯದ ಒಂದು ಅಡತ್ (ದಲ್ಲಾಳಿ) ಅಂಗಡಿ ಇದೆ. ನಮ್ಮ ಕಾಕಾ ತಮ್ಮ ತೊಗರಿಯನ್ನು ಅಲ್ಲೇ ಹಾಕುತ್ತಾರೆ. ಆ ದಿನ ಸಾಹುಕಾರರು ಗಾದಿ ಮೇಲೆ ಹಳೇ ಪೇಪರ್ ಹಾಸಿ ಎರಡು ಹಿಡಿ ತೊಗರಿ ಸುರಿದರು. ಒಂದು ನಮ್ಮ ಕಡೆಯದು. ಇನ್ನೊಂದು ಆಫ್ರಿಕಾ ಮಾಲು. ನಮ್ಮ ಕಾಳೊಂದನ್ನು ಹಲ್ಲಿಗಿಟ್ಟು ಕಟ್ ಅನ್ನಿಸಿದರು. ತೇವ ನೋಡಲು ಗಂಜಿನಲ್ಲಿ ಇದಕ್ಕಿಂತ ಹಳೇ ಮೀಟರ್ ಇಲ್ಲ. ಎರಡನೇ ಗುಡ್ಡೆಯನ್ನು ಮುಟ್ಟಲೇ ಇಲ್ಲ.

“ಇದು ಬರೇ ಸ್ಯಾಂಪಲ್ ಅದ ಸರ. ಮಾಲೆಲ್ಲ ಸಮುದ್ರದ ಆ ಕಡಿ ಬಂದರದಾಗ ನಿಂತದ. ದಿಲ್ಲಿಯವ್ರು ಮಾತಾಡ್ಲಿಕತ್ತಾರಂತ. ಆದ್ರ ಅಲ್ಲಿ ಅವ್ರದೇನೂ ನಡೀವಲ್ದು.”

ನಾನು ಕಾಲೇಜಿನಲ್ಲಿ ಪಾಠ ಹೇಳುವುದು ರಾಜ್ಯಶಾಸ್ತ್ರ. ಬೋರ್ಡಿನ ಮೇಲೆ ಅಧಿಕಾರ, ಬಲ, ಶಕ್ತಿ ಅಂತೆಲ್ಲ ಬರೆಯುತ್ತೇನೆ. ನಮ್ಮ ಕಡೆ ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಅವ್ನದು ನಡೀತದ’ ಅನ್ನುತ್ತಾರೆ. ಹಾಗಂದ ಕೂಡಲೇ ಕೇಳುವವನು ಎಲ್ಲಿ ಅನ್ನುತ್ತಾನೆ. ತಹಸೀಲ್ ಕಚೇರಿಯಲ್ಲೋ, ಗುಡಿ ಕಮಿಟಿಯಲ್ಲೋ, ಮನೆಯಲ್ಲೋ? ಜಾಗ ಹೇಳದೆ, ಹೊತ್ತು ಹೇಳದೆ ಆ ಮಾತು ಪೂರ್ತಿ ಆಗುವುದೇ ಇಲ್ಲ.

ಭಾರತದಲ್ಲಿ 140 ಕೋಟಿ ಜನ. ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಮೂರು ಕೋಟಿ ಚಿಲ್ಲರೆ. ಆ ಹಿಂಗಾರಿನಲ್ಲಿ ಕೆಲವು ವಾರ ದೆಹಲಿಯದು ಅಲ್ಲಿನ ನಕಾಲಾ ಬಂದರಿನಲ್ಲಿ ನಡೆಯಲಿಲ್ಲ. ಯಾಕೆ? ಬಲದ ಬಗ್ಗೆ ಬರೆದ ಹಳಬರನ್ನು ಪಕ್ಕಕ್ಕಿಟ್ಟುಕೊಂಡು ಈ ಒಂದು ಪ್ರಕರಣವನ್ನು ಬಿಡಿಸಿ ನೋಡೋಣ.

ನಡೆದದ್ದು

2014, 2015 ಎರಡೂ ವರ್ಷ ಮಳೆ ಕೈಕೊಟ್ಟಿತು. 2015ರ ಕೊನೆಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಹತ್ತಿರ ಹೋಯಿತು. ಆಗ ದೆಹಲಿ ಕಣ್ಣು ಹಾಯಿಸಿದ್ದು ಆಫ್ರಿಕಾದ ಕಡೆ. 2016ರ ಜುಲೈ 7ರಂದು ಮೊಜಾಂಬಿಕ್‌ನ ರಾಜಧಾನಿ ಮಪುಟೋದಲ್ಲಿ ಒಪ್ಪಂದ ಆಯಿತು. ಮೊಜಾಂಬಿಕ್‌ನಿಂದ ಮೊದಲ ವರ್ಷ 1 ಲಕ್ಷ ಟನ್, ಏರುತ್ತಾ 2020-21ಕ್ಕೆ 2 ಲಕ್ಷ ಟನ್ ಬೇಳೆಕಾಳು ತರಬೇಕು, ಮುಖ್ಯವಾಗಿ ತೊಗರಿ. ಒಪ್ಪಂದ ತೂಕದ ಬಗ್ಗೆ ಮಾತಾಡಿತ್ತು. ರೈತನಿಗೆ ಇಂತಿಷ್ಟು ರೇಟ್ ಸಿಗುತ್ತದೆ ಅಂತ ಯಾರೂ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಅಲ್ಲಿನ ಜನ ತೊಗರಿ ಉಣ್ಣುವುದು ಕಡಿಮೆ. ನಂಪುಲಾ, ಜಾಂಬೇಜಿಯಾ ಪ್ರಾಂತ್ಯಗಳ ಸಣ್ಣ ರೈತರು ಬೆಳೆಯುವುದೇ ಮಾರಲಿಕ್ಕೆ. ಕೊಳ್ಳುವವರು ಅಂದರೆ ನಾವೇ, ಹೆಚ್ಚು ಕಡಿಮೆ ನಾವೊಬ್ಬರೇ.

ಒಪ್ಪಂದದ ಶಾಯಿ ಆರುವ ಮೊದಲೇ ಇಲ್ಲಿ ಮಳೆ ಚೆನ್ನಾಗಿ ಆಯಿತು. 2015-16ರಲ್ಲಿ ದೇಶದಲ್ಲಿ 25.6 ಲಕ್ಷ ಟನ್ ಇದ್ದ ತೊಗರಿ 2016-17ರಲ್ಲಿ 48.7 ಲಕ್ಷ ಟನ್ ಆಯಿತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ. ಗಂಜಿನ ರೇಟ್ ಅದಕ್ಕಿಂತ ಬಹಳ ಕೆಳಗೆ. ಕಾಕಾ ಖರೀದಿ ಕೇಂದ್ರದ ಮುಂದೆ ಟ್ರಾಕ್ಟರ್ ಟ್ರಾಲಿಯಲ್ಲಿ ಚೀಲಗಳ ಮೇಲೆ ಮೂರು ರಾತ್ರಿ ಮಲಗಿದ್ದರು. ನಾಲ್ಕನೇ ದಿನ ಚೀಲ ಖಾಲಿ ಆಗಿದೆ ಅಂದರಂತೆ. ತೊಗರಿ ತುಂಬಿಕೊಳ್ಳಲು ಗೋಣಿಚೀಲ ಇಲ್ಲ! ಆ ಸಿಟ್ಟು ಅವರಿಗೆ ಇನ್ನೂ ಹೋಗಿಲ್ಲ.

2017ರ ಆಗಸ್ಟ್‌ನಲ್ಲಿ ಕೇಂದ್ರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಸರ್ಕಾರ-ಸರ್ಕಾರಗಳ ನಡುವಿನ ಮಾತಿಗೆ ವಿನಾಯಿತಿ ಇತ್ತು. ಆದರೂ ಅಲ್ಲಿನ ಹಳ್ಳಿಗಳಲ್ಲಿ ರೇಟ್ ಕುಸಿದು ಬಿತ್ತು. ಭಾರತ ಕೊಳ್ಳುತ್ತದೆ ಅನ್ನುವ ಮಾತು ನಂಬಿ ಜಾಸ್ತಿ ಬಿತ್ತಿದವರ ಕೈಯಲ್ಲಿ ಕಾಳು ಉಳಿಯಿತು. ಆಗ ಕಾಕಾ “ಚಲೋ ಆತು ಬಿಡು” ಅಂದಿದ್ದರು. ನಾನೂ ಹೌದು ಅಂದಿದ್ದೆ. ನಂಪುಲಾ ಅನ್ನುವ ಊರಿನ ಹೆಸರೂ ನಮಗಿಬ್ಬರಿಗೆ ಗೊತ್ತಿರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2021ರ ಮೇನಲ್ಲಿ ಆಮದಿನ ಮಿತಿ ತೆಗೆದರು. ಮೊಜಾಂಬಿಕ್ ಜೊತೆಗಿನ ಒಪ್ಪಂದವನ್ನು ವರ್ಷಕ್ಕೆ 2 ಲಕ್ಷ ಟನ್ ಲೆಕ್ಕದಲ್ಲಿ ಇನ್ನೂ ಐದು ವರ್ಷಕ್ಕೆ ಬೆಳೆಸಿದರು. ಮಲಾವಿ, ಮ್ಯಾನ್ಮಾರ್ ಜೊತೆಗೂ ಅಂಥದೇ ಒಪ್ಪಂದ ಆಯಿತು. ಗಂಜಿನಲ್ಲಿ ‘ಲೆಮನ್’ ಅಂದರೆ ಮ್ಯಾನ್ಮಾರ್ ತೊಗರಿ ಅಂತ ಈಗ ಹಮಾಲರಿಗೂ ಗೊತ್ತು.

2022ರಲ್ಲಿ ನಮ್ಮ ಹೊಲಗಳಿಗೆ ನೆಟೆ ರೋಗ ಬಂತು. ನೋಡದವರಿಗೆ ಹೇಳುತ್ತೇನೆ. ಗಿಡ ಎದೆಯೆತ್ತರ ಬೆಳೆದು, ಹೂ ಕಾಯಿ ಹಿಡಿದು, ಇನ್ನೇನು ಕೈಗೆ ಬಂತು ಅನ್ನುವಾಗ ನಿಂತಲ್ಲೇ ಬಾಡುತ್ತದೆ. ಇವತ್ತು ನಾಲ್ಕು ಗಿಡ, ವಾರ ಬಿಟ್ಟು ನೋಡಿದರೆ ಸಾಲಿಗೆ ಸಾಲು. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಬೇರಿನಿಂದ ನೀರು ಮೇಲೆ ಹೋಗುವ ದಾರಿಯನ್ನೇ ಶಿಲೀಂಧ್ರ ಕಟ್ಟಿಬಿಟ್ಟಿರುತ್ತದೆ. ಕಾಕಾ ಒಂದು ಗಿಡ ಕಿತ್ತು ತಂದು ಪಡಸಾಲೆಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದರು.

ದೇಶದ ತೊಗರಿ 42 ಲಕ್ಷ ಟನ್ನಿನಿಂದ 33 ಲಕ್ಷದ ಆಸುಪಾಸಿಗೆ ಇಳಿಯಿತು. ಬೇಕಾದದ್ದು ಸುಮಾರು 45 ಲಕ್ಷ. 2023ರ ಜೂನ್ 2ರಂದು ಕೇಂದ್ರ ದಾಸ್ತಾನು ಮಿತಿ ತಂದಿತು, ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಆದರೂ ಗಂಜಿನಲ್ಲಿ ಕ್ವಿಂಟಲ್ 10 ಸಾವಿರ ದಾಟಿತು. ಆ ರೇಟಿಗೆ ಮಾರಲು ಕಾಕಾ ಹತ್ತಿರ ಒಂದು ಚೀಲವೂ ಇರಲಿಲ್ಲ. ಸಾಲ ತೀರಿಸಲು ಫೆಬ್ರವರಿಯಲ್ಲೇ ಕೊಟ್ಟಾಗಿತ್ತು.

ಇಲ್ಲಿ ಕ್ಯಾಲೆಂಡರ್ ನೋಡಬೇಕು. ನಮ್ಮ ರಾಶಿ ಡಿಸೆಂಬರ್-ಜನವರಿಗೆ. ಮೊಜಾಂಬಿಕ್‌ನವರ ಕಾಳು ಕೈಗೆ ಬರುವುದು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ. ಅಂದರೆ ನಮ್ಮ ಗೋದಾಮು ತಳ ಕಾಣುವಾಗ ಅವರ ಹಡಗು ಬರುತ್ತದೆ. ಬೇಳೆಯ ರೇಟ್ ಹಿಡಿದಿಡಲು ಸರ್ಕಾರ ನಂಬಿಕೊಂಡಿದ್ದೇ ಈ ಹೊಂದಿಕೆಯನ್ನು. ಅದೇ ಹೊತ್ತಿಗೆ ನಕಾಲಾದಲ್ಲಿ ಮಾಲು ನಿಂತಿತು. ಅಲ್ಲಿನ ಎರಡು ಕಂಪನಿಗಳ ಜಗಳ ಕೋರ್ಟಿಗೆ ಹೋಗಿತ್ತು. ಕಸ್ಟಮ್ಸ್ ಕಾಗದ ಮುಂದೆ ಹೋಗುತ್ತಿರಲಿಲ್ಲ. ಲಕ್ಷ ಟನ್ನಿಗೂ ಮೇಲೆ ತೊಗರಿ ಬಂದರಿನಲ್ಲಿ ಸಿಕ್ಕಿಬಿದ್ದಿದೆ ಅನ್ನುವ ಸುದ್ದಿ ಬಂತು. ದೆಹಲಿ ಮೊಜಾಂಬಿಕ್ ಸರ್ಕಾರದ ಜೊತೆ ಮಾತಾಡಿತು. ಮಾಲು ಹೊರಡಲು ದಾರಿ ಆಗುವಾಗ ಡಿಸೆಂಬರ್ ಬಂದಿತ್ತು.

ಅರ್ಧಕ್ಕೆ ನಿಲ್ಲಿಸುವ ಪಾಠ

ಆ ವಾರ ನಾನು ತರಗತಿಯಲ್ಲಿ ಮಾಡುತ್ತಿದ್ದದ್ದು ಮೆಲೋಸ್ ಸಂವಾದ. ಕ್ರಿ.ಪೂ. 416ರಲ್ಲಿ ಗ್ರೀಸಿನ ಅಥೆನ್ಸ್ ನಗರದ ಹಡಗುಗಳು ಮೆಲೋಸ್ ಅನ್ನುವ ಸಣ್ಣ ದ್ವೀಪದ ಮುಂದೆ ಬಂದು ನಿಂತವು. ಶರಣಾಗಿ, ಕಪ್ಪ ಕೊಡಿ ಅಂದರು. ಮೆಲೋಸಿನವರು ನ್ಯಾಯದ ಮಾತು ಎತ್ತಿದರು, ನಿಮ್ಮ ವೈರಿ ಸ್ಪಾರ್ಟಾ ನಮ್ಮ ಬೆನ್ನಿಗಿದೆ ಅಂದರು. ಅಥೆನ್ಸಿನ ಉತ್ತರವನ್ನು ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದಿಟ್ಟಿದ್ದಾನೆ. ನ್ಯಾಯದ ಮಾತು ಸಮಬಲದವರ ನಡುವೆ ಮಾತ್ರ, ಉಳಿದ ಕಡೆ ಬಲ ಇದ್ದವರು ಕೈಲಾದದ್ದು ಮಾಡುತ್ತಾರೆ, ಇಲ್ಲದವರು ಅನುಭವಿಸುತ್ತಾರೆ ಅಂತ ಅದರ ಸಾರ. ಸ್ಪಾರ್ಟಾ ಬರಲಿಲ್ಲ. ಮೆಲೋಸ್ ಬಿತ್ತು. ಗಂಡಸರನ್ನು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು.

ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಅಂದರೆ ಎಲ್ಲರೂ ಮೊದಲು ಎತ್ತುವುದು ಈ ಮಾತನ್ನೇ. 2017ಕ್ಕೆ ಅದು ಅಳತೆ ತೆಗೆದು ಹೊಲಿದ ಅಂಗಿ ಹಾಗೆ ಕೂರುತ್ತದೆ. ದೆಹಲಿಯಲ್ಲಿ ಒಂದು ಅಧಿಸೂಚನೆ, ನಂಪುಲಾದಲ್ಲಿ ರೇಟ್ ನೆಲಕ್ಕೆ. ಅಲ್ಲಿನ ರೈತ ಯಾರನ್ನು ಕೇಳಬೇಕು? ಸಾರ್ವಭೌಮರ ಮೇಲೆ ಇನ್ನೊಬ್ಬ ಒಡೆಯ ಇಲ್ಲ, ಅವರು ಕತ್ತಿ ಹಿರಿದು ಒಬ್ಬರನ್ನೊಬ್ಬರು ದಿಟ್ಟಿಸುತ್ತಾ ನಿಂತ ಮಲ್ಲರ ಹಾಗೆ ಅಂತ ಇಂಗ್ಲೆಂಡಿನ ಚಿಂತಕ ಹಾಬ್ಸ್ 1651ರಲ್ಲೇ ಬರೆದ. ಕೇಳಲು ಚಾವಡಿಯೇ ಇಲ್ಲ ಅಂದ ಮೇಲೆ ಮಾತು ಮುಗಿಯಿತು.

2023ಕ್ಕೆ ಅದೇ ಅಂಗಿ ಹಾಕಿ ನೋಡಿದರೆ ತೋಳೇ ಏರುವುದಿಲ್ಲ. ದೇಶಗಳು ಅವೇ ಎರಡು. ಆರು ವರ್ಷದಲ್ಲಿ ಯಾರ ಸೈನ್ಯವೂ ಅಂಥಾ ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದು ಏನು?

ನನಗನ್ನಿಸುವುದು, ನಾವು ಆ ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ಮೇಷ್ಟ್ರುಗಳ ಅಭ್ಯಾಸ ಅದು, ಸಿಲಬಸ್ ಮುಗಿಯಬೇಕಲ್ವಾ? ಅಥೆನ್ಸಿಗೆ ತನ್ನ ಹೊಲದ ಕಾಳು ಸಾಲುತ್ತಿರಲಿಲ್ಲ. ಅದರ ರೊಟ್ಟಿ ಬರುತ್ತಿದ್ದದ್ದು ಕಪ್ಪು ಸಮುದ್ರದ ದಂಡೆಯಿಂದ, ಹೆಲೆಸ್ಪಾಂಟ್ ಅನ್ನುವ ಕಿರಿದಾದ ಜಲಸಂಧಿ ದಾಟಿ, ಹಡಗಿನಲ್ಲಿ. ಮೆಲೋಸ್ ಬಿದ್ದು ಹನ್ನೊಂದು ವರ್ಷಕ್ಕೆ, ಕ್ರಿ.ಪೂ. 405ರಲ್ಲಿ, ಸ್ಪಾರ್ಟಾದ ಲೈಸಾಂಡರ್ ಅದೇ ಜಲಸಂಧಿಯಲ್ಲಿ ಅಥೆನ್ಸಿನ ನೌಕಾಪಡೆಯನ್ನು ಮುಗಿಸಿದ. ಕಾಳಿನ ದಾರಿ ಕಟ್ಟಿತು. ಮರುವರ್ಷ ಅಥೆನ್ಸ್ ಹಸಿದು ಶರಣಾಯಿತು. ಥುಸಿಡಿಡೀಸನ ಬರಹ ಕ್ರಿ.ಪೂ. 411ಕ್ಕೇ ನಿಂತುಹೋಗುತ್ತದೆ. ಈ ಭಾಗ ಬರೆದವನು ಜೆನೊಫೋನ್. ಇಬ್ಬರನ್ನೂ ಒಟ್ಟಿಗೆ ಓದದಿದ್ದರೆ ಬಲದ ಪಾಠ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ.

2017ರಲ್ಲಿ ಭಾರತದ ಗೋದಾಮು ತುಂಬಿತ್ತು, ಕಾಯಬಲ್ಲದಾಗಿತ್ತು. ಮೊಜಾಂಬಿಕ್‌ನ ರೈತ ಕಾಯಲಾರ, ಅವನಿಗೆ ಬೇರೆ ಗಿರಾಕಿ ಇಲ್ಲ. 2023ರಲ್ಲಿ ನಮ್ಮ ಗೋದಾಮು ಖಾಲಿ, ನವೆಂಬರಿನಲ್ಲಿ ಐದು ರಾಜ್ಯಗಳ ಚುನಾವಣೆ, ಮುಂದಿನ ಬೇಸಿಗೆಗೆ ಲೋಕಸಭೆ ಚುನಾವಣೆ. ಈ ದೇಶದಲ್ಲಿ ಬೇಳೆ, ಉಳ್ಳಾಗಡ್ಡಿ ರೇಟ್ ಏರಿದಾಗ ಯಾವ ಸರ್ಕಾರಕ್ಕೂ ನಿದ್ದೆ ಬರುವುದಿಲ್ಲ. ದೆಹಲಿ ಕಾಯಲಾರದಾಗಿತ್ತು. ನಕಾಲಾದ ಕಚೇರಿಯ ಮೇಜು ಕಾಯಬಲ್ಲದಾಗಿತ್ತು. ಈ ಪ್ರಕರಣದಲ್ಲಿ ನನಗೆ ಕಂಡ ಬಲದ ಅಳತೆ ಇಷ್ಟೇ: ಯಾರಿಗೆ ಕಾಯುವ ತಾಕತ್ತಿದೆಯೋ ಅವರದು ನಡೆಯುತ್ತದೆ.

ಒಂದು ತಕರಾರನ್ನು ನಾನೇ ಎತ್ತುತ್ತೇನೆ. ಲೈಸಾಂಡರ್ ಬೇಕೆಂದೇ ದಾರಿ ಕಟ್ಟಿದ. ನಕಾಲಾದಲ್ಲಿ ಹಾಗೆ ಯಾರೂ ಭಾರತವನ್ನು ಬಗ್ಗಿಸಲು ಹೊರಟಿರಲಿಲ್ಲ. ಯಾವುದೋ ಕಂಪನಿಗಳ ಜಗಳದಲ್ಲಿ ನಮ್ಮ ಬೇಳೆ ಸಿಕ್ಕಿಕೊಂಡಿತು. ಹಳಬರು ಬಲ ಅಂದಾಗ ಅದರ ಹಿಂದೆ ಒಬ್ಬ ರಾಜನ ಮನಸ್ಸು, ಒಂದು ನಗರದ ಹಟ ಇದ್ದೇ ಇರುತ್ತಿತ್ತು. ಮನಸ್ಸೇ ಇಲ್ಲದ ಬಲ, ಒಂದು ಫೈಲಿನ ಬಲ, ಅವರ ಲೆಕ್ಕದಲ್ಲಿ ಬರುವುದೇ ಇಲ್ಲ. ಅಷ್ಟು ಮಟ್ಟಿಗೆ ಅವರ ಕನ್ನಡಕ ನಮಗೆ ಸಾಲುವುದಿಲ್ಲ.

ದೆಹಲಿ ದನಿ ಏರಿಸಬಹುದಿತ್ತಲ್ಲ ಅಂತ ವಿದ್ಯಾರ್ಥಿಯೊಬ್ಬ ಕೇಳಿದ. ಏರಿಸಿ ಏನು ಮಾಡುವುದು? ಮೊಜಾಂಬಿಕ್‌ನ ಉತ್ತರ ತುದಿಯ ರೊವುಮಾ ಅನಿಲ ಯೋಜನೆಯಲ್ಲಿ ನಮ್ಮ ಸರ್ಕಾರಿ ತೈಲ ಕಂಪನಿಗಳಿಗೆ ಒಟ್ಟು 30% ಪಾಲಿದೆ. 2021ರಲ್ಲಿ ಪಾಲ್ಮಾ ಊರಿನ ಮೇಲೆ ಉಗ್ರರ ದಾಳಿ ಆದ ಮೇಲೆ ಆ ಕೆಲಸವೇ ನಿಂತಿತ್ತು. ತೊಗರಿಗಾಗಿ ಜಗಳ ತೆಗೆದರೆ ಅನಿಲದ ಮಾತು ಕೆಡುತ್ತದೆ. ದೊಡ್ಡವನಿಗೆ ಹತ್ತು ಕಡೆ ವ್ಯವಹಾರ ಇರುತ್ತದೆ, ಹತ್ತೂ ಕಡೆ ಕೈ ಕಟ್ಟಿರುತ್ತದೆ.

ಬೇರೆಯವರ ಕುದುರೆ

ಇದನ್ನು ನಮ್ಮ ನೆಲ ಮೊದಲೇ ಕಂಡಿದೆ. ಕಲಬುರಗಿ 1347ರಿಂದ ಬಹಮನಿಗಳ ರಾಜಧಾನಿ, ಆಮೇಲೆ ಬೀದರ್. ಅವರ ಬಲ ಅಂದರೆ ಕುದುರೆ ದಂಡು. ಆದರೆ ಒಳ್ಳೆ ಯುದ್ಧದ ಕುದುರೆ ದಖ್ಖನ್ನಿನಲ್ಲಿ ಬೆಳೆಯುವುದಿಲ್ಲ. ಅರಬ್ಬರ ಕಡೆಯಿಂದ, ಇರಾನಿನಿಂದ ಹಡಗಿನಲ್ಲಿ ಬರಬೇಕು. ವಿಜಯನಗರಕ್ಕೂ ಇದೇ ಪಾಡು. ಎರಡು ದೊಡ್ಡ ರಾಜ್ಯಗಳು ವರ್ಷಗಟ್ಟಲೆ ಕಾದಾಡಿದ್ದು ಬೇರೆಯವರಿಂದ ಕೊಂಡ ಕುದುರೆಗಳ ಮೇಲೆ ಕೂತು!

ಇದು ಚೆನ್ನಾಗಿ ಗೊತ್ತಿದ್ದವನು ಮಹಮೂದ್ ಗವಾನ್. ಅವನು ಈ ಕಡೆ ಬಂದದ್ದೇ ವ್ಯಾಪಾರಿಯಾಗಿ, 1453ರಲ್ಲಿ. ಬೀದರಿನಲ್ಲಿ ವಜೀರನಾದ. 1472ರಲ್ಲಿ ಗೋವಾ ಬಂದರು ಹಿಡಿದ. ಕುದುರೆ ಇಳಿಯುವ ಬಾಗಿಲೇ ಕೈಗೆ ಬಂದರೆ ವಿಜಯನಗರವನ್ನು ಅರ್ಧ ಗೆದ್ದಂತೆ ಅನ್ನುವುದು ವ್ಯಾಪಾರಿಯ ಲೆಕ್ಕ. ಬೀದರಿಗೆ ಹೋದವರು ಅವನ ಮದರಸಾದ ನೀಲಿ ಹೆಂಚು ನೋಡಿ ಫೋಟೋ ತೆಗೆದುಕೊಂಡು ಬರುತ್ತಾರೆ. ಗೋವಾ ಬಂದರಿನ ಈ ಲೆಕ್ಕವನ್ನು ಅಲ್ಲಿ ಯಾರೂ ಹೇಳುವುದಿಲ್ಲ.

ಗವಾನ್ ಸತ್ತು ಮೂವತ್ತು ಚಿಲ್ಲರೆ ವರ್ಷಕ್ಕೆ ಇಟಲಿಯಲ್ಲಿ ಮ್ಯಾಕಿಯವೆಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಬರೆದ. ಬೇರೆಯವರ ಕವಚ ಒಂದೋ ಜಾರಿ ಬೀಳುತ್ತದೆ, ಇಲ್ಲವೇ ಭಾರವಾಗುತ್ತದೆ, ಇಲ್ಲವೇ ಬಿಗಿಯುತ್ತದೆ. ಬೈಬಲಿನ ದಾವೀದ, ತನ್ನ ರಾಜ ಸೌಲ ಕೊಟ್ಟ ಕವಚ ಬೇಡ ಅಂದು ತನ್ನ ಕವಣೆ ಹಿಡಿದು ಹೋದದ್ದು ಅವನು ಕೊಡುವ ಉದಾಹರಣೆ. ಅವನ ತಲೆಯಲ್ಲಿದ್ದದ್ದು ಬಾಡಿಗೆ ಸೈನ್ಯ. ಬಾಡಿಗೆ ಹೊಲಕ್ಕೂ ಮಾತು ಸರಿಯಾಗಿಯೇ ಹೊಂದುತ್ತದೆ. ಆಮದು ತೊಗರಿ 2016-17ರಲ್ಲಿ ನಮಗೆ ಭಾರವಾಯಿತು, 2023ರಲ್ಲಿ ಜಾರಿ ಬಿತ್ತು.

ಆದರೆ ಗವಾನನ ಹಾಗೆ ನಕಾಲಾವನ್ನು ಈಗ ಯಾರೂ ಹಿಡಿಯಲು ಹೋಗುವುದಿಲ್ಲ, ಹೋಗಲೂಬಾರದು. ಉಳಿಯುವುದು ಗೋದಾಮು. ಅದಕ್ಕೆ ಕೌಟಿಲ್ಯನ ಹತ್ತಿರ ಹೋಗಬೇಕು.

ಅರ್ಧ ಎತ್ತಿಡು

ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ಮೈಸೂರಿನಲ್ಲಿ, 1905ರಲ್ಲಿ. ಆರ್. ಶಾಮಶಾಸ್ತ್ರಿ ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಟಿವಿ ಚರ್ಚೆಗಳಲ್ಲಿ ಕೌಟಿಲ್ಯ ಅಂದರೆ ಬರೀ ಗೂಢಚಾರರು, ಶತ್ರುವಿನ ಶತ್ರು. ನನಗೆ ಹಿಡಿಸುವುದು ಅವನ ಉಗ್ರಾಣದ ಅಧ್ಯಾಯ. ಕಾಳು, ಎಣ್ಣೆ, ಬೆಲ್ಲ, ಉಪ್ಪು ಎಲ್ಲದರ ಲೆಕ್ಕ. ಅದರಲ್ಲೊಂದು ಮಾತು: ಕೂಡಿಟ್ಟದ್ದರಲ್ಲಿ ಅರ್ಧವನ್ನು ಜನಪದದ ಆಪತ್ತಿಗೆ ಎತ್ತಿಡು, ಅರ್ಧ ಬಳಸು, ಹಳೆಯದನ್ನು ಹೊಸದರಿಂದ ಬದಲಿಸುತ್ತಿರು. ನಮ್ಮ ಹಳ್ಳಿಯ ಹಗೇವು ಇದ್ದದ್ದೂ ಇದಕ್ಕೇ ತಾನೇ?

ನಮ್ಮ ಸರ್ಕಾರಕ್ಕೂ ಬೇಳೆಕಾಳಿನ ದಾಸ್ತಾನು ಇದೆ. ತೊಡಕು ತುಂಬುವುದರಲ್ಲಿ. ಖರೀದಿ ಕೇಂದ್ರ ಕೊಳ್ಳುತ್ತಿದ್ದದ್ದು ಬೆಂಬಲ ಬೆಲೆಗೆ. 2022-23ರಲ್ಲಿ ಅದು 6,600 ರೂಪಾಯಿ. ಗಂಜಿನಲ್ಲಿ ಅದಕ್ಕಿಂತ ಜಾಸ್ತಿ ಸಿಕ್ಕಾಗ ರೈತ ಕೇಂದ್ರಕ್ಕೆ ಯಾಕೆ ಹೋಗುತ್ತಾನೆ? ಅಂದರೆ ಬೆಳೆ ಕಡಿಮೆ ಆಗಿ ರೇಟ್ ಏರಿದ ವರ್ಷವೇ ಉಗ್ರಾಣಕ್ಕೆ ಕಾಳು ಬರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಬಿಚ್ಚದ ಛತ್ರಿ! ಈ ಪ್ರಕರಣ ಆದ ಮೇಲೆ, 2024ರ ಜನವರಿಯಲ್ಲಿ, ಕೇಂದ್ರ ಹೊಸ ಪೋರ್ಟಲ್ ತಂದು ಬೆಂಬಲ ಬೆಲೆ ಅಥವಾ ಮಾರುಕಟ್ಟೆ ಬೆಲೆ, ಯಾವುದು ಜಾಸ್ತಿಯೋ ಅದಕ್ಕೆ ತೊಗರಿ ಕೊಳ್ಳುತ್ತೇವೆ ಅಂದಿತು. 2025ರ ಅಕ್ಟೋಬರಿನಲ್ಲಿ ಬೇಳೆಕಾಳಿನ ಸ್ವಾವಲಂಬನೆಗೆ 11,440 ಕೋಟಿ ರೂಪಾಯಿಯ ಆರು ವರ್ಷದ ಯೋಜನೆಯೂ ಬಂತು. ದಾರಿ ಸರಿ ಇದೆ. ಗೋಣಿಚೀಲದ ವಿಷಯ ನೆನಪಾದಾಗ ಮಾತ್ರ ನನಗೆ ಅನುಮಾನ.

ಕಾಯಲಾರದವರು

2024ರ ಜನವರಿ 11, ಎಳ್ಳ ಅಮಾವಾಸ್ಯೆ. ಕಾಕಾನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಹಚ್ಚಿಕೊಂಡು ಕೂತಿದ್ದೆವು. ಆ ವರ್ಷ ಮುಂಗಾರು ಕೈಕೊಟ್ಟು ತೊಗರಿ ಗಿಡ ಸೊಂಟದೆತ್ತರ ನಿಂತಿತ್ತು. ರೇಟ್ ಚಲೋ ಇತ್ತು. ಕಾಕಾಗೆ ಒಂದೇ ಚಿಂತೆ, ಡಿಸೆಂಬರಿನಲ್ಲಿ ಬಿಟ್ಟ ಹಡಗುಗಳು ನಮ್ಮ ರಾಶಿ ಹೊತ್ತಿಗೇ ಬಂದು ಇಳಿದರೆ?

ನಾನು ನನ್ನ ಅಥೆನ್ಸ್, ಮೆಲೋಸ್ ಎಲ್ಲ ಹೇಳಿದೆ. ಕಾಕಾ ರೊಟ್ಟಿ ಮುರಿಯುತ್ತಾ ಕೇಳಿದರು. “ಅಲ್ಲಪಾ, ಆ ಕಡಿ ರೈತಗ ಈ ಸಲಾ ಚಲೋ ರೇಟ್ ಸಿಕ್ಕಿತೇನು?”

ಸಿಕ್ಕಿರಲು ದಾರಿ ಕಡಿಮೆ. ಕಾಳು ಬಂದರಿಗೆ ಬರುವ ಮೊದಲೇ ಅವನು ಹಳ್ಳಿಯಲ್ಲಿ ಮಾರಿರುತ್ತಾನೆ. ಆಮೇಲೆ ಏರಿದ ರೇಟಿನಲ್ಲಿ ಅವನಿಗೆ ಪಾಲಿಲ್ಲ, ಫೆಬ್ರವರಿಯಲ್ಲಿ ಮಾರಿದ ನಮ್ಮ ಕಾಕಾಗೂ ಇಲ್ಲ. ಭಾರತ ಗೆದ್ದಿತು, ಮೊಜಾಂಬಿಕ್ ಸೋತಿತು, ಈ ಸಲ ಉಲ್ಟಾ ಆಯಿತು ಅಂತ ನಾನು ಬೋರ್ಡಿನ ಮೇಲೆ ಬಾಣ ಎಳೆಯುತ್ತೇನೆ. ಆ ಬಾಣಗಳು ದೇಶದಿಂದ ದೇಶಕ್ಕೆ ಹೋಗುತ್ತವೆ, ಮೆಲೋಸ್ ಮಾತ್ರ ಎರಡೂ ದೇಶಗಳ ಒಳಗೇ ಇದೆ. ಗಟ್ಟಿ ಕಲ್ಲಿಗೆ ಮಣ್ಣಿನ ಮಡಕೆ ಬಡಿದ ಉಪಮೆ ಕೌಟಿಲ್ಯನಲ್ಲಿ ಬರುತ್ತದೆ. ಸಮಬಲದವರ ಜಗಳಕ್ಕೆ ಅವನು ಕೊಡುವುದು ಎರಡು ಹಸಿ ಮಡಕೆಗಳನ್ನು, ತಾಕಿದರೆ ಎರಡೂ ಒಡೆಯುತ್ತವೆ. 2017ರಲ್ಲಿ ಕಾಕಾ ಮತ್ತು ನಂಪುಲಾದ ರೈತ ಒಬ್ಬರಿಗೊಬ್ಬರು ಗೊತ್ತಿಲ್ಲದೆ ತಾಕಿದ್ದು ಹೀಗೇ.

ಮರುವರ್ಷ ಹಡಗುಗಳು ಸಲೀಸಾಗಿ ಬಂದವು. 2024-25ರಲ್ಲಿ ಸುಮಾರು 12 ಲಕ್ಷ ಟನ್ ತೊಗರಿ ಆಮದಾಯಿತು, ಸುಂಕ ಇಲ್ಲದೆ. ಬೆಂಬಲ ಬೆಲೆ 7,550. 2025ರ ಜನವರಿಯಲ್ಲಿ ಗಂಜಿನ ರೇಟ್ ಅದಕ್ಕಿಂತ ಕೆಳಗೆ ಇಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಕೊಡುತ್ತೇವೆ ಅಂದಿತು. ಕಾಕಾ ನೋಂದಣಿ ಮಾಡಿಸಲು ಪಹಣಿ, ಆಧಾರ್ ಹಿಡಿದು ಎರಡು ಸಲ ಹೋಗಿ ಬಂದರು. ಮೂರನೇ ಸಲ ಟ್ರಾಲಿಯಲ್ಲಿ ಚೀಲ ಹೇರುವಾಗ ನಾನೂ ಕೈ ಹಚ್ಚಿದೆ. ಎಲ್ಲ ಹೇರಿ ಆದ ಮೇಲೆ ನಾಲ್ಕು ಚೀಲ ಕೆಳಗೆ ಇಳಿಸಿದರು.

“ಇವು ಇರ್ಲಿ. ಮಳಿಗಾಲ ಮಟಾ ಇಟ್ಟು ನೋಡೂನು.”

ಅವನ್ನು ಒಳಗಿನ ಕೋಣೆಯಲ್ಲಿ, ನೆಲದ ತೇವ ತಾಕದ ಹಾಗೆ ತೊಗರಿ ಕಟ್ಟಿಗೆ ಹಾಸಿ, ಅದರ ಮೇಲೆ ನಿಲ್ಲಿಸಿದೆವು.